ಗಡಿಯಾಚೆ ಬಿಟ್ಟ ಮೊರ

ಮೊನ್ನೆ ನನ್ನ ಪುಸ್ತಕದ ಬೀರುವಿನ ಹಿಂದೆ ಒಂದು ಇಲಿ ಸತ್ತಿತ್ತು. ಮೊದಲು ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ವಾಸನೆ ಬಂತು ನೋಡಿ, ಬರೆಯುತ್ತಿದ್ದ ಕಾಗದ ಬಿಟ್ಟು ಎದ್ದವನೇ ಅಂಗಳಕ್ಕೆ ಓಡಿ, ‘ಎಲ್ಲರೂ ಹೊರಗೆ ಬನ್ನಿ, ಮೊದಲು ಮಕ್ಕಳನ್ನು ಕರಕೊಂಡು ಬನ್ನಿ’ ಅಂತ ಕೂಗಿದೆನಂತೆ. ಸೊಸೆ ಎಲ್ಲೋ ಬೆಂಕಿ ಹತ್ತಿತು ಅಂದುಕೊಂಡು ಕೊಡ ನೀರು ಹೊತ್ತು ಬಂದಳು. ವಿಷಯ ಇಷ್ಟೇ ಅಂತ ತಿಳಿದ ಮೇಲೆ ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡಿ. ಸತ್ತ ಇಲಿ ನೋಡಿ ನಗುವಷ್ಟು ಪುಣ್ಯ ಮಾಡಿ ಹುಟ್ಟಿದ್ದಾರೆ. ನಮ್ಮ ಕಾಲದಲ್ಲಿ ಇಲಿ ಬಿತ್ತು ಅಂದರೆ ಪ್ಲೇಗು ಬಂತು, ಊರು ಖಾಲಿಯಾಯಿತು ಅಂತಲೇ ಲೆಕ್ಕ.

ಆ ವಾಸನೆ ಮೂಗಿಗೆ ಹತ್ತಿದಂದಿನಿಂದ ಒಂದು ಚಳಿಗಾಲ ನನ್ನನ್ನು ಹಿಡಿದುಕೊಂಡು ಕೂತಿದೆ. ಬರೆದು ಇಳಿಸಿಕೊಳ್ಳದೆ ಬೇರೆ ಕೆಲಸ ಸಾಗುವಂತಿಲ್ಲ.

ಆಗ ನಾನು ಮೈಸೂರಿನಲ್ಲಿ ಹುಡುಗರಿಗೆ ಚರಿತ್ರೆ ಪಾಠ ಹೇಳುತ್ತಿದ್ದೆ. ಪ್ಲೇಗು ಕಾಣಿಸಿಕೊಂಡು ಕಾಲೇಜು ಮುಚ್ಚಿದರು. ಒಳ್ಳೆಯದೇ ಆಯಿತು ಅಂದುಕೊಂಡೆ. ಮಾಗಡಿ, ಕ್ಲೋಸುಪೇಟೆ, ಚನ್ನಪಟ್ಟಣ, ಕಾನಕಾನಹಳ್ಳಿ ಸೀಮೆಯ ಬೆಟ್ಟಗಳ ಮೇಲೆ ಒಂದು ಪುಸ್ತಕ ಬರೆಯಬೇಕೆಂದು ಬಹಳ ದಿನದಿಂದ ಆಸೆಯಿತ್ತು. ಬೆಟ್ಟ ಅಂದರೆ ಬರೀ ಕೋಟೆ ಕೊತ್ತಲ ಅಲ್ಲ. ಅಲ್ಲಿನ ಕಾಡು, ಮೃಗ, ಅಲ್ಲಿನ ಜನ ಹೇಳುವ ಕತೆ, ಹಾಡು, ದೇವರು ಎಲ್ಲವೂ. ಕ್ಲೋಸುಪೇಟೆ ಅಂದರೆ ಈಗ ನೀವು ರಾಮನಗರ ಅನ್ನುತ್ತೀರಲ್ಲ, ಅದೇ. ಅಲ್ಲಿ ರೈಲಿಳಿದು, ತಗಡಿನ ಪೆಟ್ಟಿಗೆಯೊಂದನ್ನು ಗಾಡಿಗೆ ಹಾಕಿಕೊಂಡು ಮಾಗಡಿ ದಾರಿ ಹಿಡಿದೆ. ಕಲ್ಯದ ಬೆಟ್ಟ ದಾಟಿ, ಸಾವನದುರ್ಗದ ಬಂಡೆ ದಿನವಿಡೀ ಕಣ್ಣಿಗೆ ಬೀಳುವಂಥ ಒಂದು ಹಳ್ಳಿಯಲ್ಲಿ ಇಳಿದುಕೊಂಡೆ. ಅದರ ನಿಜವಾದ ಹೆಸರು ಬೇಡ. ಅಲ್ಲಿನವರ ಮೊಮ್ಮಕ್ಕಳು ಈಗ ಓದು ಕಲಿತಿದ್ದಾರೆ, ಜಗಳಕ್ಕೆ ಬಂದಾರು. ಪಾಳ್ಯ ಅನ್ನೋಣ. ಪಾಳ್ಯದ ಪಡುವಲಿಗೆ ಒಂದು ಹಳ್ಳ, ಹಳ್ಳದಾಚೆ ಇನ್ನೊಂದು ಊರು. ಅದನ್ನು ದೊಡ್ಡಿ ಅನ್ನೋಣ.

ಪಾಳ್ಯದ ಜನ ನನ್ನನ್ನು ಮೊದಲ ದಿನದಿಂದಲೇ ನಂಬಲಿಲ್ಲ. ಯಾಕೆ ನಂಬಬೇಕು ಹೇಳಿ? ಪಟ್ಟಣದ ಕೋಟು ಹಾಕಿಕೊಂಡವನು ಬಂದು, ‘ಈ ಬಂಡೆಗೆ ಏನನ್ನುತ್ತೀರಿ, ಆ ಮರ ಯಾರು ನೆಟ್ಟರು, ಈ ತೋಪಿನಲ್ಲಿ ಕೊಡಲಿ ಯಾಕೆ ಹಾಕುವುದಿಲ್ಲ’ ಅಂತ ಕೇಳುತ್ತಾನೆ. ಕಾಡಿನ ಇಲಾಖೆಯವನು, ಗಡಿ ಕಲ್ಲು ನೆಡಲು ಬಂದಿದ್ದಾನೆ ಅಂತ ಕೆಲವರು. ನಿಧಿ ಹುಡುಕುವವನು ಅಂತ ಕೆಲವರು. ಪ್ಲೇಗಿನ ಡಾಕ್ಟರ ಕಡೆಯವನು, ಸೂಜಿ ಚುಚ್ಚಲು ಹೆಸರು ಬರೆದುಕೊಳ್ಳುತ್ತಾನೆ ಅಂತ ಮಿಕ್ಕವರು. ನಾನೇನು ಕಡಿಮೆಯೇ? ಸಂಶಯವೇ ನನ್ನ ಕಸುಬು. ಒಬ್ಬ ಮುದುಕ ದುರ್ಗದ ಹುಟ್ಟಿನ ಕತೆ ಹೇಳಿದ. ಮಾರನೆಯ ದಿನ ಅದೇ ಕತೆಯನ್ನು ಬೇರೆ ಹೇಳಿದ. ಹೊಗೆಸೊಪ್ಪು ಕೊಟ್ಟರೆ ಅದರಲ್ಲಿ ಒಬ್ಬಳು ರಾಣಿಯೂ ಬಂದುಬಿಡುತ್ತಿದ್ದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡಿಕೊಂಡು ಚೆನ್ನಾಗಿಯೇ ಇದ್ದೆವು.

ನನಗೆ ಜಾಗ ಕೊಟ್ಟವಳು ತಾಯಮ್ಮ. ಗಂಡ ಸತ್ತ ಹೆಂಗಸು. ಒಂಟಿ ಜೀವ, ಎರಡು ಹಸು, ಒಂದಿಷ್ಟು ಹೊಲ. ಮಾತು ಮೆಣಸಿನಕಾಯಿ. ಊರವರು ಬೇಡ ಅಂದರೂ ಕೇಳದೆ ಜಗಲಿಯ ಪಕ್ಕದ ಕೋಣೆ ಬಿಟ್ಟುಕೊಟ್ಟಿದ್ದಳು. ‘ಮನೇಲಿ ಕದಿಯೋಕೇನೈತೆ? ಬಂದ್ರೆ ಬರ್ಲಿ ಬುಡಿ. ಈ ಮೇಷ್ಟ್ರು ಮೊಕ ನೋಡುದ್ರೆ ಕದ್ದಿದ್ದ ಅರಗಿಸ್ಕೊಳೋ ಶಕ್ತಿ ಇರೋ ಅಂಗೆ ಕಾಣಾಕಿಲ್ಲ’ ಅಂದಳಂತೆ. ಅವಳಿಟ್ಟ ಮುದ್ದೆ, ಸೊಗಡವರೆ ಸಾರು ಉಂಡುಕೊಂಡು ನಾನು ದುಂಡಗಾದೆ.

ಅವಳಿಗೆ ಒಬ್ಬಳೇ ಮಗಳು, ನಿಂಗಿ. ದೊಡ್ಡಿಗೆ ಕೊಟ್ಟಿದ್ದರು. ಚೊಚ್ಚಲ ಬಸುರಿ, ದಿನ ತುಂಬುತ್ತಾ ಬಂದಿತ್ತು. ಹೆರಿಗೆಗೆ ತವರಿಗೆ ಕರಕೊಂಡು ಬರಬೇಕು ಅಂತ ತಾಯಮ್ಮ ಬಾಣಂತಿಗೆ ಬೇಕಾದ ಬೆಳ್ಳುಳ್ಳಿ, ಹಳೇ ಬೆಲ್ಲ, ಮೆತ್ತನೆ ಹಳೇ ಸೀರೆ ಎಲ್ಲ ಜೋಡಿಸಿಟ್ಟಿದ್ದಳು. ದಿನಕ್ಕೆ ಹತ್ತು ಸಲ ನಿಂಗಿ, ನಿಂಗಿ. ಕೇಳಿ ಕೇಳಿ ನನಗೇ ಆ ಹುಡುಗಿಯ ಮುಖ ನೋಡಿದ ಹಾಗಾಗಿತ್ತು.

ಅಷ್ಟರಲ್ಲಿ ಇಲಿ ಬಿತ್ತು.

ಮೊದಲು ಪಟೇಲ ಚಿಕ್ಕೇಗೌಡ ರಾಗಿ ತುಂಬುವ ಹಗೇವಿನ ಹತ್ತಿರ ಒಂದು. ಆಮೇಲೆ ಗುಡಿಯ ಹಿಂದೆ. ‘ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ’ ಅಂದ ಪಟೇಲ. ಬಂದವಳು ಯಾರು ಅಂತ ಹೇಳಲಿಲ್ಲ, ಹೆಸರೆತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಎರಡು ಹಗಲಲ್ಲಿ ಊರು ಖಾಲಿ. ಎಲ್ಲರೂ ರಾಗಿ ಕೊಯ್ದ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ತೆಂಗಿನ ಗರಿ, ಜೋಳದ ಕಡ್ಡಿ, ಮೇಲೊಂದು ಹಳೇ ಕಂಬಳಿ. ನನಗೂ ತಾಯಮ್ಮನ ಪಕ್ಕದಲ್ಲೊಂದು ಗುಡಿಸಲೆದ್ದಿತು. ಹಗಲಿನಲ್ಲಿ ಕಣದ ಕೆಲಸ ನಡೆದೇ ಇತ್ತು. ಗುಂಡು ಕಟ್ಟಿದ ಎತ್ತುಗಳು ಸುತ್ತುತ್ತಿದ್ದವು, ರಾಗಿ ದೂಳು ಎಲ್ಲರ ರೆಪ್ಪೆಯ ಮೇಲೆ. ಒಂದು ಮಧ್ಯಾಹ್ನ ಬಿಟ್ಟ ಊರು ನೋಡಿ ಬರೋಣ ಅಂತ ಹೋದೆ. ಚಾವಡಿಯ ಮೇಲೆ ಕೋತಿಗಳು ಪಂಚಾಯ್ತಿ ಕೂತಿದ್ದವು. ನೀರು ಸೇದುವ ಕಲ್ಲಿನ ಮೇಲೆ ನವಿಲು. ಮನುಷ್ಯ ಒಂದೇ ವಾರ ಮರೆಯಾದರೆ ಕಾಡು ಎಷ್ಟು ಸಲೀಸಾಗಿ ಒಳಗೆ ಬಂದು ಕೂರುತ್ತದೆ ಅಂತ ಬೆರಗಾಯಿತು, ಸ್ವಲ್ಪ ಸಿಟ್ಟೂ ಬಂತು.

ಊರು ಊರಿನ ಗಡಿಗಳೂ ಮುಚ್ಚಿದವು. ದೊಡ್ಡಿಯವರು ಹಳ್ಳದ ಆಚೆ ದಡದಲ್ಲಿ ದೊಣ್ಣೆ ಹಿಡಿದು ಕೂತರು. ಪಾಳ್ಯದಿಂದ ನೊಣವೂ ದಾಟುವಂತಿಲ್ಲ. ನಿಂಗಿ ಅಲ್ಲೇ ಉಳಿದಳು. ತಾಯಮ್ಮ ದಿನಾ ಬೆಳಿಗ್ಗೆ ಸೆಗಣಿ ಆಯುವ ನೆವದಲ್ಲಿ ಮಂಕರಿ ಹೊತ್ತು ಹಳ್ಳದವರೆಗೆ ಹೋಗಿ, ಮಗಳ ಮನೆಯ ಹೊಗೆ ಕಾಣುತ್ತದಾ ಅಂತ ನೋಡಿ ಬರುತ್ತಿದ್ದಳು. ‘ಹೊಗೆ ಆಡ್ತಾ ಐತೆ ಮೇಷ್ಟ್ರೇ. ಒಲೆ ಉರೀತೈತೆ ಅಂದ್ರೆ ಜೀವ ಐತೆ ಅಂತಾನೆ’ ಅನ್ನುತ್ತಿದ್ದಳು.

ಒಂದು ಮಂಗಳವಾರ ಗಂಡಸರೆಲ್ಲ ಹುಣಸೆ ಮರದಡಿ ಸೇರಿ ಮಾರಿ ಸಾಗಿಸುವುದು ಅಂತ ತೀರ್ಮಾನ ಮಾಡಿದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಊರಿಗೆ ಬೇನೆ ಬಂದರೆ ಮಾರಮ್ಮ ಬಂದಿದ್ದಾಳೆ ಅಂತ ಅರ್ಥ. ಅವಳನ್ನು ಬೈದು ಅಟ್ಟುವಂತಿಲ್ಲ; ಮರ್ಯಾದೆ ಮಾಡಿ ಕಳಿಸಬೇಕು. ಒಂದು ಹೊಸ ಮೊರದಲ್ಲಿ ಬೇವಿನ ಮರದ ಬೊಂಬೆ ಕೂರಿಸಿ, ಅರಿಶಿನದ ಬಟ್ಟೆ, ಬಳೆ, ಕಣ್ಣುಕಪ್ಪು, ಮೊಸರನ್ನ, ಬೇವಿನ ಸೊಪ್ಪು ಇಟ್ಟು, ತಮಟೆ ಬಡಿದುಕೊಂಡು ಹೋಗಿ ಪಕ್ಕದೂರಿನ ಗಡಿಯಲ್ಲಿಟ್ಟು ಬರಬೇಕು. ಬರುವಾಗ ಯಾರೂ ತಿರುಗಿ ನೋಡಬಾರದು. ನೋಡಿದರೆ ಅವಳು ಹಿಂದೆಯೇ ಬರುತ್ತಾಳೆ. ಪಕ್ಕದೂರಿನವರು ಕಂಡ ಕೂಡಲೇ ಇದೇ ರೀತಿ ತಮ್ಮಾಚೆಯ ಊರಿಗೆ ಸಾಗಿಸಬೇಕು. ಹೀಗೆ ಊರಿಂದೂರಿಗೆ ಹೋಗಿ ಕೊನೆಗೆ ಎಲ್ಲಿಗೆ ಸೇರುತ್ತಾಳೆ ಅಂತ ಕೇಳಿದೆ. ‘ಅದು ನಮ್ಗ್ಯಾಕೆ?’ ಅಂದ ಪಟೇಲ. ನಿಜ, ನಮ್ಮ ಗಡಿ ದಾಟಿದರೆ ಸಾಕು.

ಯಾವ ದಿಕ್ಕಿಗೆ ಅನ್ನುವ ಮಾತು ಬಂದಾಗ ಹತ್ತಿರದ ಗಡಿ ಪಡುವಲು ಅಂತ ತೀರ್ಮಾನವಾಯಿತು. ಅಂದರೆ ದೊಡ್ಡಿ. ಕಾವಲಿನವರು ಊಟಕ್ಕೆ ಹೋಗುವ ಹೊತ್ತು ನೋಡಿ ಮೆತ್ತಗೆ ಇಟ್ಟುಬರುವುದು. ಹೆಂಗಸರನ್ನು ಯಾರೂ ಕೇಳಲಿಲ್ಲ. ತಾಯಮ್ಮ ದೂರದಲ್ಲಿ ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದ್ದನ್ನು ಕಂಡೆ.

ನನಗೋ ಕುಣಿದಾಡುವಷ್ಟು ಖುಷಿ. ಇಂಥದ್ದನ್ನು ಕಣ್ಣಾರೆ ಕಂಡ ವಿದ್ವಾಂಸರು ಎಷ್ಟು ಜನ ಇದ್ದಾರು? ಬೇಡ ಅಂದರೂ ಹಿಂದೆ ಹೋದೆ. ಸೂರ್ಯ ಇಳಿಯುತ್ತಿದ್ದ. ಹಳ್ಳ ಇನ್ನೂ ದೂರವಿರುವಾಗಲೇ ತಮಟೆ ನಿಂತಿತು, ಆಚೆ ದಡದ ಲಕ್ಕಿ ಗಿಡದ ಬುಡದಲ್ಲಿ ಸದ್ದಿಲ್ಲದೆ ಮೊರ ಇಟ್ಟರು, ಎಲ್ಲರೂ ಬೆನ್ನು ತಿರುಗಿಸಿ ನಡೆದರು. ನಾನೂ ನಡೆದೆ. ಆದರೆ ಬೊಂಬೆಯ ಮುಖ ಯಾವ ಕಡೆಗೆ ಮಾಡಿ ಕೂರಿಸಿದರು, ಪಾಳ್ಯದ ಕಡೆಗೋ ದೊಡ್ಡಿಯ ಕಡೆಗೋ? ಪುಸ್ತಕಕ್ಕೆ ಬೇಕಿತ್ತು. ತಿರುಗಿ ನೋಡಿದೆ. ದೊಡ್ಡಿಯ ಕಡೆಗೆ. ಅಷ್ಟೇ ನೋಡಿದ್ದು. ಪಕ್ಕದಲ್ಲಿದ್ದ ತಮಟೆಯವನು ಅದನ್ನು ಕಂಡು ಹೌಹಾರಿದ. ಹೊಲ ಮುಟ್ಟುವ ಹೊತ್ತಿಗೆ ಗುಡಿಸಲು ಗುಡಿಸಲಿಗೂ ಸುದ್ದಿ: ಮೇಷ್ಟ್ರು ತಿರುಗಿ ನೋಡುದ್ರು.

ಅಲ್ಲಿಂದ ನನ್ನ ದಶೆ ಶುರುವಾಯಿತು. ನಾನು ಬಂದರೆ ಮಾತು ನಿಲ್ಲುತ್ತಿತ್ತು. ಮಕ್ಕಳನ್ನು ಒಳಕ್ಕೆಳೆದುಕೊಳ್ಳುತ್ತಿದ್ದರು. ಅದೆಲ್ಲ ಸಹಿಸಬಹುದಿತ್ತು. ಆದರೆ ಮಾರನೆಯ ದಿನ ತಾಯಮ್ಮ ತನ್ನ ಗುಡಿಸಲು ಕಿತ್ತುಕೊಂಡು ಹುರುಳಿ ಹೊಲದ ಆಚೆ ತುದಿಗೆ ಹೋಗಿ ಕಟ್ಟಿಕೊಂಡಳು! ನನಗೆ ಮುದ್ದೆ ಇಲ್ಲ, ಸಾರಿಲ್ಲ. ಹಸುಗಳನ್ನು ಪಕ್ಕದವಳಿಗೆ ಒಪ್ಪಿಸಿ, ಮೇಷ್ಟ್ರಿಗೆ ಹಾಲು ಕೊಡು ಅಂತ ಹೇಳಿ ಹೋಗಿದ್ದಳಂತೆ. ವಿಚಾರಿಸೋಣ ಅಂತ ಹೋದರೆ ಮಾರು ದೂರದಿಂದಲೇ ಕೈ ಅಡ್ಡ ಹಿಡಿದಳು.

‘ಅಲ್ಲೇ ನಿತ್ಕಳಿ ಮೇಷ್ಟ್ರೇ. ಇತ್ಲಾಗೆ ಬರ್ಬ್ಯಾಡಿ.’

‘ನಾನೇನು ಮಾಡಿದೆ ತಾಯಮ್ಮ? ನೀವೂ ಅವರ ಮಾತು ನಂಬಿದಿರಾ?’

‘ನಂಬೋದು ಬುಡೋದು ಆಮ್ಯಾಕೆ. ಓಗಿ ನೀವು.’

ನನಗೆ ಎಷ್ಟು ಬೇಜಾರಾಯಿತು ಅಂದರೆ, ಅಂದು ಬರೆಯಲು ಕೂತರೆ ಒಂದು ಅಕ್ಷರ ಬರಲಿಲ್ಲ. ಊರೆಲ್ಲ ಅನುಮಾನಿಸಲಿ, ಇವಳು? ಆಮೇಲೆ ಸಿಟ್ಟು ಬಂತು. ಹಾಳಾಗಿ ಹೋಗಲಿ ಅಂದುಕೊಂಡು ನಾನೇ ಅನ್ನ ಬೇಯಿಸಿಕೊಂಡೆ, ಸೀದುಹೋಯಿತು, ಸೀದದ್ದನ್ನೇ ತಿಂದೆ.

ಒಂದು ವಾರ ಕಳೆದಿರಬೇಕು. ಚನ್ನಪಟ್ಟಣದಿಂದ ರೇಷ್ಮೆ ಗೂಡು ಕೊಳ್ಳಲು ಬರುತ್ತಿದ್ದ ಬುಡನ್ ಸಾಬಿ ದೊಡ್ಡಿಯ ಕಡೆಯಿಂದ ಬಂದವನು ಗಡಿಯಲ್ಲೇ ನಿಂತು ಕೂಗಿ ಮಾತಾಡಿದ. ಪಟೇಲ ಮೆಲ್ಲಗೆ ಕೇಳಿದ, ‘ದೊಡ್ಡೀಲಿ ಏನ್ ಇಸ್ಯ ಸಾಬ್ರೆ? ಮಾರಿ ಗೀರಿ ಸಾಗ್ಸುದ್ರಾ?’

‘ಯಾವ ಮಾರಿ ಗೌಡ್ರೆ? ಅಲ್ಲೇನೂ ಇಲ್ಲ. ಲಕ್ಕಿ ಗಿಡದತ್ರ ಒಸಿ ಬೇವಿನ ಸೊಪ್ಪು ಬಿದ್ದಿತ್ತಂತೆ. ಯಾರೋ ಪಾಳ್ಯದೋರು ಏನೋ ಆಟ ಆಡವ್ರೆ ಅಂತ ಬೈತಾವ್ರೆ.’

ಮೊರ ಇಲ್ಲ! ಎಲ್ಲರ ಮುಖ ಬಿಳಿಚಿತು. ದೊಡ್ಡಿಯವರು ಸಾಗಿಸಿಲ್ಲ, ಕಂಡೇ ಇಲ್ಲ. ಹಾಗಾದರೆ ಅವಳು ಎಲ್ಲಿ? ಒಬ್ಬ ಹೇಳಿದ, ಸಾಬರೇ ಎತ್ತಿಕೊಂಡು ಹೋಗಿರಬೇಕು. ‘ಅಲ್ಲಾ, ನಾನ್ಯಾಕೆ ನಿಮ್ಮಮ್ಮನ್ನ ಹೊತ್ಕೊಂಡೋಗ್ಲಿ? ನಮ್ಮನೆ ಮಕ್ಕಳಿಗೆ ನಮ್ಮೂರ್ ಬೊಂಬೆನೇ ಸಾಕಾಗೈತೆ’ ಅಂತ ಅವನು ರೇಗಿ, ಗೂಡಿನ ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದ. ಅದೇ ಹಗಲು ಹುಲ್ಲಿನ ಬಣವೆಯ ಬುಡದಲ್ಲಿ ಸತ್ತ ಇಲಿ ಸಿಕ್ಕಿತು. ಊರಲ್ಲಲ್ಲ, ಬಯಲಿನಲ್ಲಿ, ಗುಡಿಸಲುಗಳ ನಡುವೆ. ಅವಳು ವಾಪಸು ಬಂದಿದ್ದಾಳೆ. ಯಾರೋ ತಂದಿದ್ದಾರೆ. ಯಾರು? ಕಲ್ಲು, ಮಡಕೆ ಚೂರು, ಮುರಿದ ವಿಗ್ರಹ ಏನು ಕಂಡರೂ ಎತ್ತಿ ಪೆಟ್ಟಿಗೆಗೆ ಹಾಕಿಕೊಳ್ಳುವವನು ಊರಿಗೆಲ್ಲ ಒಬ್ಬನೇ. ತಿರುಗಿ ನೋಡಿದವನೂ ಅವನೇ.

ನನ್ನ ಗುಡಿಸಲಿನ ಮುಂದೆ ಜನ ಸೇರಿದರು. ಪೆಟ್ಟಿಗೆ ತೆಗೆಸಿದರು. ನಾನೇ ತೆಗೆದೆ, ‘ನೋಡಿ, ಹೊಟ್ಟೆ ತುಂಬ ನೋಡಿ’ ಅಂದೆ. ಕಲ್ಲಿನ ಚಕ್ಕೆ, ಒಣಗಿದ ಎಲೆ, ರಣಹದ್ದಿನ ಗರಿ ಒಂದೊಂದೇ ಹೊರಗೆ ಬಂತು. ಎಲ್ಲಕ್ಕಿಂತ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಒಂದು ಮರದ ಬೊಂಬೆ. ಕಾನಕಾನಹಳ್ಳಿ ಕಡೆ, ದೊಡ್ಡಆಲಹಳ್ಳಿಯ ಹತ್ತಿರ ಒಬ್ಬ ಪೂಜಾರಿಯನ್ನು ಕಾಡಿ ಬೇಡಿ ಪಡೆದಿದ್ದ ಹಳೇ ಮಾರಿ ಬೊಂಬೆ ಅದು. ಅದಿದೆ ಅನ್ನುವುದೇ ಮರೆತಿದ್ದೆ.

ಮುಂದೆ ನಿಂತಿದ್ದ ಹೆಂಗಸೊಬ್ಬಳು ತಟಕ್ಕನೆ ಮಗುವನ್ನು ಎತ್ತಿಕೊಂಡಳು.

‘ಇದು ನಿಮ್ಮೂರದಲ್ಲ. ಬೇರೆ. ಹಳೇದು. ಬೇಕಾದರೆ ಮುಟ್ಟಿ ನೋಡಿ’ ಅಂದೆ. ಮುಟ್ಟುವವರು ಯಾರು? ಪಟೇಲ ಹಿಂದಕ್ಕೆ ಸರಿದು ನಿಂತ.

‘ಮೇಷ್ಟ್ರೇ, ನಿಮ್ ಮ್ಯಾಲೆ ಕೈ ಮಾಡಾಕಿಲ್ಲ. ಓದಿದೋರು. ಆದ್ರೆ ನಮ್ ಮೊರ ಎಲ್ಲೈತೆ ಯೋಳ್ಬುಡಿ. ಯೋಳ್ದೆ ಇದ್ರೆ ಈ ಗುಡ್ಲು, ಈ ಪೆಟ್ಗೆ, ಒಳ್ಗಿರೋದೆಲ್ಲ ಸುಟ್ಟು, ನಿಮ್ಮುನ್ನ ಗಡಿ ದಾಟುಸ್ತೀವಿ.’

‘ನಾನು ತಂದಿಲ್ಲ ಅಂದರೆ ಎಲ್ಲಿಂದ ಹೇಳಲಿ?’

‘ಬೆಂಕಿ ಇಲ್ದೆ ಹೊಗೆ ಆಡ್ತದಾ?’ ಅಂದ ತಮಟೆಯವನು. ಒಬ್ಬ ಒಲೆಯಿಂದ ಕೊಳ್ಳಿ ತಂದೇಬಿಟ್ಟ. ಆ ಪೆಟ್ಟಿಗೆಯಲ್ಲಿ ನನ್ನ ಆವರೆಗಿನ ಬದುಕೇ ಇತ್ತು. ಮುದುಕಿಯರು ಹೇಳಿದ ಕತೆಗಳಿದ್ದವು. ಅವರಲ್ಲಿ ಕೆಲವರು ಆಗಲೇ ತೀರಿಕೊಂಡಿದ್ದರು. ಪೆಟ್ಟಿಗೆಯ ಮೇಲೆ ಹತ್ತಿ ಕೂತುಬಿಟ್ಟೆ, ಹಟಮಾರಿ ಮಗುವಿನ ಹಾಗೆ.

ಆಗ ಹುರುಳಿ ಹೊಲದ ತುದಿಯಿಂದ ಕೂಗು ಕೇಳಿತು.

‘ಏಯ್! ಮಡುಗ್ರಲಾ ಬೆಂಕಿನ! ಅವ್ರು ತಂದಿಲ್ಲ. ತಂದೋಳು ನಾನು.’

ತಾಯಮ್ಮ ಬದುವಿನ ಮೇಲೆ ನಿಂತಿದ್ದಳು. ಹತ್ತಿರ ಬರಲಿಲ್ಲ. ಯಾರಾದರೂ ಹೆಜ್ಜೆ ಮುಂದಿಟ್ಟರೆ ಹಿಂದಕ್ಕೆ ಸರಿಯುತ್ತಿದ್ದಳು.

‘ಬುದ್ಧಿಗಿದ್ದಿ ಕೆಟ್ಟೈತಾ ತಾಯಮ್ಮ?’ ಅಂದ ಪಟೇಲ. ‘ಮೊರ ಎಲ್ಲೈತೆ?’

‘ನನ್ ಗುಡ್ಲಾಗೈತೆ. ತಲೆದಸೀಲಿ ಮಡಿಕ್ಕಂಡಿವ್ನಿ. ನೀವು ಮಡುಗುದ್ ಮಾರ್ನೆ ಬೆಳಿಗ್ಗೆ ಕತ್ಲಲ್ಲೇ ಸೆಗಣಿ ಮಂಕ್ರೀಲಿ ಹೊತ್ಕಬಂದೆ. ಏನ್ಲಾ ಚಿಕ್ಕೇಗೌಡ, ನಿನ್ ತಂಗಿ ಎಲ್ಲವ್ಳೆ? ಆ ದೊಡ್ಡೀಲೇ ತಾನೆ ಬಾಳ್ವೆ ಮಾಡ್ತಾ ಇರೋದು? ನನ್ ನಿಂಗಿ ಹೊಟ್ಟೆ ಹೊತ್ಕಂಡು ಅಲ್ಲಿ ಕುಂತವ್ಳೆ. ಅವ್ಳ ಬಾಗ್ಲಿಗೆ ಮಾರಿನ ಮಡ್ಗಿ ಬಂದು ಇಲ್ಲಿ ಮುದ್ದೆ ಉಣ್ತೀರಲ್ಲಾ, ಗಂಟ್ಲಲ್ಲಿ ಇಳೀತೈತಾ ನಿಮ್ಗೆ?’

ಗುಂಪಿನ ಹಿಂದಿನಿಂದ ಒಬ್ಬ ಹೆಂಗಸು, ‘ನಮ್ ಹುಡ್ಗೀನೂ ಅಲ್ಲೇ ಅವ್ಳೆ’ ಅಂದಳು. ಇನ್ನೊಬ್ಬಳು ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು. ಮೂಡಲಿಗೆ ಸಾಗಿಸಬಹುದಿತ್ತು ಅಂತ ಯಾರೋ ಗೊಣಗಿದರೆ, ಅಲ್ಲಿ ತನ್ನ ತವರಿದೆ ಅಂತ ಪಟೇಲನ ಹೆಂಡತಿಯೇ ಎದ್ದು ನಿಂತಳು. ಯಾವ ದಿಕ್ಕಿನ ಹೆಸರೆತ್ತಿದರೂ ಒಬ್ಬ ಹೆಂಗಸು ಬಾಯಿ ಬಿಡುತ್ತಿದ್ದಳು. ಗಂಡಸರು ತಮ್ಮೂರಿನ ಸುತ್ತ ಗಡಿ ಮಾತ್ರ ಇದೆ ಅಂದುಕೊಂಡಿದ್ದರು. ಅಲ್ಲೆಲ್ಲ ತಮ್ಮ ಹೆಣ್ಣುಮಕ್ಕಳೇ ತುಂಬಿದ್ದಾರೆ ಅನ್ನುವುದು ಅವತ್ತು ಮೊದಲ ಸಲ ತಲೆಗೆ ಹೋಯಿತು.

‘ಹಂಗಾರೆ ಅವ್ಳ ಎಲ್ಲಿಗೆ ಕಳ್ಸೋದು?’ ಪಟೇಲನ ದನಿ ಇಳಿದಿತ್ತು.

‘ಎಲ್ಗೂ ಬ್ಯಾಡ. ನಾನೇ ಮಡಿಕ್ಕತೀನಿ. ದುರ್ಗದ ಬುಡದಾಗೆ ಊರಿಲ್ಲ, ಕೇರಿಲ್ಲ. ಅಲ್ಲೋಗಿ ಗುಡ್ಲು ಹಾಕ್ಕತೀನಿ. ಅವ್ಳೂ ಹೆಂಗ್ಸು, ನಾನೂ ಹೆಂಗ್ಸು. ಎಂಗೋ ಇರ್ತೀವಿ.’

‘ಮಾರಿ ಹೊತ್ತೋಳು ಬಾಣ್ತಿ ಮನೆ ಮೆಟ್ಟಂಗಿಲ್ಲ ತಾಯಮ್ಮ. ಕೂಸು ನಡಿಯೋಗಂಟ ಮೊಕ ತೋರ್ಸಂಗಿಲ್ಲ. ಗೊತ್ತಲ್ಲ?’

‘ಗೊತ್ತು ಕಣಪ್ಪ. ಗೊತ್ತಿದ್ದೇ ತಂದೆ.’

ಅಷ್ಟು ಹೇಳಿ ಅವಳು ಬದುವಿನಾಚೆ ಇಳಿದು ಹೋದಳು. ಕೊಳ್ಳಿ ಹಿಡಿದವನು ಅದನ್ನು ಎಲ್ಲಿಡಬೇಕು ಅಂತ ತಿಳಿಯದೆ ನಿಂತಿದ್ದ. ಯಾರೂ ನನ್ನ ಮುಖ ನೋಡಲಿಲ್ಲ. ನಾನು ಪೆಟ್ಟಿಗೆಯ ಮೇಲೇ ಕೂತಿದ್ದೆ. ಇಷ್ಟು ದಿನ ಅವಳು ನನ್ನನ್ನು ದೂರ ಇಟ್ಟದ್ದು ಅನುಮಾನದಿಂದಲ್ಲ. ತನ್ನ ತಲೆದೆಸೆಯಲ್ಲಿದ್ದದ್ದು ನನಗೆ ತಗಲದಿರಲಿ ಅಂತ. ಅಳು ಬಂತು. ಅತ್ತೆ.

ದುರ್ಗದ ಬುಡಕ್ಕೆ ಆಮೇಲೆ ಆಗಾಗ ಹೋಗುತ್ತಿದ್ದೆ. ಊರವರು ಅಕ್ಕಿ, ರಾಗಿ ಹಿಟ್ಟು ತಂದು ಒಂದು ಬಂಡೆಯ ಮೇಲಿಟ್ಟು ಓಡುತ್ತಿದ್ದರು. ನಾನು ಸ್ವಲ್ಪ ಹತ್ತಿರ ಹೋಗಿ ಕೂರುತ್ತಿದ್ದೆ, ಅವಳು ಬೈಯುತ್ತಿದ್ದಳು. ಮೊರದಲ್ಲಿ ಏನೂ ಇಲ್ಲ, ಬೇನೆ ತರುವುದು ಇಲಿಯ ಮೈಮೇಲಿನ ಚಿಗಟ, ನೀವು ಮಗಳ ಮನೆಗೆ ಧಾರಾಳವಾಗಿ ಹೋಗಬಹುದು ಅಂತ ನನ್ನ ಪಾಂಡಿತ್ಯವನ್ನೆಲ್ಲ ಖರ್ಚು ಮಾಡಿದೆ. ಕೊನೆಯವರೆಗೂ ಕೇಳಿದಳು.

‘ಚಿಗಟವೇ ಇರ್ಲಿ ಮೇಷ್ಟ್ರೇ. ಆ ಚಿಗಟನ ಅಟ್ಟಾಕೆ ಒಬ್ಳು ಯಜಮಾನ್ತಿ ಬ್ಯಾಡ್ವಾ? ನೀವು ಯೋಳೋದೇ ದಿಟ ಅಂತಿಟ್ಕಳಿ. ಒಂದ್ ಪಕ್ಸ ಸುಳ್ಳಾದ್ರೆ ಸಾಯೋದು ನಿಮ್ ಮೊಮ್ಮಗ ಅಲ್ವಲ್ಲ.’

ನಾನು ತಂದಿದ್ದ ಹಿಟ್ಟಿನ ಗಂಟನ್ನು ಬಂಡೆಯ ಮೇಲಿಟ್ಟು ಎದ್ದೆ.

ಆ ಚಳಿಗಾಲ ಪಾಳ್ಯದಲ್ಲಾಗಲಿ ದೊಡ್ಡಿಯಲ್ಲಾಗಲಿ ಪ್ಲೇಗಿಗೆ ಒಂದು ಜೀವವೂ ಹೋಗಲಿಲ್ಲ. ಬಯಲು, ಬಿಸಿಲು, ಬೇಗ ಊರು ಬಿಟ್ಟದ್ದು ಅಂತ ನಾನು ಕಾರಣ ಕೊಡಬಲ್ಲೆ. ಆದರೆ ನನ್ನನ್ನು ಯಾರು ಕೇಳಿದರು? ತಾಯಮ್ಮನ ಹೆಸರು ಹೇಳುವಾಗ ಜನ ಕೆನ್ನೆ ಬಡಿದುಕೊಳ್ಳತೊಡಗಿದ್ದರು. ಕೆನ್ನೆ ಬಡಿದುಕೊಂಡ ಕೈಯಿಂದಲೇ ಮಕ್ಕಳನ್ನು ಅವಳ ದಾರಿಯಿಂದ ಆಚೆ ಎಳೆದುಕೊಳ್ಳುತ್ತಿದ್ದರು. ಪೂಜೆಯೂ ಅದೇ, ಅನುಮಾನವೂ ಅದೇ.

ಅವರೆಯ ಕಾಲ ಮುಗಿಯುತ್ತಾ ಬಂದಾಗ ಗಡಿ ಸಡಿಲವಾಯಿತು. ನಿಂಗಿಗೆ ಗಂಡು ಮಗುವಾಯಿತು ಅಂತ ಸುದ್ದಿ ಬಂತು. ತಾಯಮ್ಮ ಕೇಳಿ ದೊಡ್ಡಿಯ ಕಡೆ ತಿರುಗಿ ಕೈ ಮುಗಿದಳು. ಆಮೇಲೆ ಮೆಲ್ಲಗೆ, ‘ಮೇಷ್ಟ್ರೇ, ನಿಮ್ಗೆ ದೇವ್ರೂ ಇಲ್ಲ ದಿಂಡ್ರೂ ಇಲ್ಲ. ನಿಮ್ಗೆ ಅಂಟಾಕಿಲ್ಲ. ಒಸಿ ಓಗಿ ನೋಡ್ಕಬತ್ತೀರಾ?’ ಅಂದಳು.

ದೊಡ್ಡಿಯವರಿಗೂ ನನ್ನ ಮೇಲೆ ನಂಬಿಕೆ ಇರಲಿಲ್ಲ. ಹಳ್ಳದಲ್ಲಿ ಮುಳುಗಿಸಿದರು, ಬೇವಿನ ಹೊಗೆಯಲ್ಲಿ ನಿಲ್ಲಿಸಿದರು, ಪ್ಲೇಗಿನ ಸೂಜಿ ಹಾಕಿಸಿಕೊಂಡಿದ್ದಕ್ಕೆ ಮೈಸೂರಿನಲ್ಲಿ ಕೊಟ್ಟಿದ್ದ ಚೀಟಿಯನ್ನು ತಲೆಕೆಳಗು ಮಾಡಿ ನೋಡಿದರು. ಕೊನೆಗೆ ನಿಂಗಿಯ ಮನೆ. ಅತ್ತೆ ಮಗುವಿನ ಮುಖಕ್ಕೆ ಸೆರಗು ಮುಚ್ಚಿಬಿಟ್ಟಳು, ನನ್ನ ಕಣ್ಣು ತಾಗದಿರಲಿ ಅಂತ. ನಿಂಗಿ ಗೋಡೆಗೊರಗಿ ಕೂತಿದ್ದಳು. ಇಷ್ಟು ಎಳೇ ಹುಡುಗಿ ಅಂತ ನಾನು ಅಂದುಕೊಂಡಿರಲಿಲ್ಲ.

‘ನಮ್ಮವ್ವ ಕಳ್ಸುದ್ಲಾ?’ ದನಿ ಗಟ್ಟಿಯಾಗಿತ್ತು. ‘ಲಕ್ಕಿ ಗಿಡದತ್ರ ಬೇವಿನ ಸೊಪ್ಪು ಬಿದ್ದಿತ್ತು. ಪಾಳ್ಯದೋರು ಮಾರಿನ ನಮ್ಮೂರ್ಗೆ ಸಾಗ್ಸಕ್ಕೆ ಬಂದಿದ್ರಂತಲ್ಲ, ಅವ್ವಂಗೆ ಗೊತ್ತಿರ್ಲಿಲ್ವಾ? ಗೊತ್ತಿದ್ದೂ ಸುಮ್ಕಿದ್ಲಾ? ಹೆರ್ಗೆಗೂ ಬರ್ಲಿಲ್ಲ. ಒಂದ್ ಬೆಳ್ಳುಳ್ಳಿ ಗೆಡ್ಡೆನೂ ಕಳಿಸ್ಲಿಲ್ಲ. ನಾನೇನ್ ಸತ್ತೋದ್ನಾ ಅವ್ಳ ಪಾಲ್ಗೆ?’

ನಾನು ನಡೆದದ್ದೆಲ್ಲ ಹೇಳಿದೆ. ಸೆಗಣಿ ಮಂಕರಿ, ತಲೆದೆಸೆಯ ಮೊರ, ದುರ್ಗದ ಬುಡದ ಗುಡಿಸಲು. ಅತ್ತೆ ನಂಬಲಿಲ್ಲ, ‘ಪಾಳ್ಯದೋರು ಯೋಳ್ಕೊಟ್ಟು ಕಳ್ಸವ್ರೆ’ ಅಂದಳು. ನಿಂಗಿ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿದಳು, ಬೆನ್ನು ಅಲುಗುತ್ತಿತ್ತು. ಕಣ್ಣೊರೆಸಿಕೊಂಡು ಈ ಕಡೆ ತಿರುಗಿದವಳೇ ಅತ್ತೆಯ ಕೈಯಿಂದ ಮಗುವನ್ನು ಕಿತ್ತುಕೊಂಡು, ಸೆರಗು ತೆಗೆದು, ನನ್ನ ಮುಂದೆ ಹಿಡಿದಳು.

‘ಸರ್ಯಾಗಿ ನೋಡ್ಕಳಿ ಮೇಷ್ಟ್ರೇ. ಓಗಿ ಅವ್ವಂಗೆ ಯೋಳ್ಬೇಕು.’

ನೋಡಿದೆ. ಏನಂತ ಹೇಳಲಿ? ಕೆಂಪಗೆ, ಸುಕ್ಕು ಸುಕ್ಕಾಗಿ, ಮುಷ್ಟಿ ಬಿಗಿಹಿಡಿದು ಮಲಗಿತ್ತು. ಎಲ್ಲ ಕೂಸುಗಳೂ ನನ್ನ ಕಣ್ಣಿಗೆ ಒಂದೇ. ಶಾಸನದ ಅಳಿಸಿದ ಅಕ್ಷರ ಓದಬಲ್ಲೆ, ಆ ಮುಖದಲ್ಲಿ ಯಾರ ಹೋಲಿಕೆಯನ್ನೂ ಓದಲಾಗಲಿಲ್ಲ.

ಬಿಸಿಲಿಳಿಯುವ ಹೊತ್ತಿಗೆ ದುರ್ಗದ ಬುಡ ಮುಟ್ಟಿದೆ. ತಾಯಮ್ಮ ಬಂಡೆಯ ಮೇಲೆ ನಿಂತು ದಾರಿ ಕಾಯುತ್ತಿದ್ದಳು. ‘ಅಲ್ಲೇ, ಅಲ್ಲೇ ನಿತ್ಕಳಿ’ ಅಂದಳು. ನಿಂತೆ. ನಿಂಗಿ ಚೆನ್ನಾಗಿದ್ದಾಳೆ ಅಂದೆ. ಎಲ್ಲ ತಿಳಿದಳು, ಅತ್ತಳು ಅಂದೆ. ಮಗುವಿಗೆ ಹಾಲು ಸಾಲುತ್ತಿದೆ ಅಂದೆ.

‘ಅದಿರ್ಲಿ. ಕೂಸು ಯಾರಂಗೈತೆ?’

‘ನಿಮ್ಮ ಹಾಗೇ ಇದೆ ತಾಯಮ್ಮ. ಅದೇ ಹಣೆ, ಅದೇ ಮೂಗು. ಅಚ್ಚು ಹೊಯ್ದ ಹಾಗೆ.’

ಅವಳು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. ಆ ಸೀಮೆಯಲ್ಲಿ ನನ್ನನ್ನು ಎಷ್ಟೋ ಜನ ಅನುಮಾನದಿಂದ ನೋಡಿದ್ದರು, ಹಾಗೆ ಯಾರೂ ನೋಡಿರಲಿಲ್ಲ.

‘ಸುಳ್ಳು ಯೋಳ್ತೀರ ಮೇಷ್ಟ್ರೇ’ ಅಂದಳು. ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು, ‘ಇರ್ಲಿ. ಇನ್ನೊಂದ್ ಸಲ ಯೋಳಿ’ ಅಂದಳು.

ನಾನು ಇನ್ನೊಂದು ಸಲ ಹೇಳಿದೆ.